ಬಿಸಿ ಬಂಡೆಯಿಂದ ಕರೆಂಟ್ ತೆಗೆಯೋಕೆ ಸರ್ಕಾರ ಯಾಕೆ ದುಡ್ಡು ಹಾಕಬೇಕು?

ಕಲ್ಪತರು_ಹುಡುಗ

ನಮಸ್ಕಾರ ಎಲ್ಲರಿಗೂ. ಅಮೆರಿಕದ ಯೂಟಾದಲ್ಲಿ ನಡೆಯುತ್ತಿರುವ ಜಿಯೋಥರ್ಮಲ್ ಕೆಲಸದ ಬಗ್ಗೆ ಓದುತ್ತಿದ್ದೇನೆ. ಮಾಮೂಲಿ ಜಿಯೋಥರ್ಮಲ್ ಗೊತ್ತು. ಐಸ್‌ಲ್ಯಾಂಡ್, ಕೀನ್ಯಾ ಕಡೆ ನೆಲದೊಳಗೆ ಬಿಸಿನೀರು, ಹಬೆ ತಾನಾಗೇ ಇದೆ, ಬಾವಿ ಕೊರೆದು ಟರ್ಬೈನ್ ತಿರುಗಿಸುತ್ತಾರೆ. ಇದು ಹಾಗಲ್ಲ. ಇಲ್ಲಿ ಬಂಡೆ ಬಿಸಿ ಇದೆ, ಆದರೆ ನೀರಿಲ್ಲ, ನೀರು ಓಡಾಡೋಕೆ ಬಿರುಕೂ ಇಲ್ಲ. ಅದಕ್ಕೆ ಎರಡು ಬಾವಿ ಕೊರೆಯುತ್ತಾರೆ. ಭಾರಿ ಒತ್ತಡದಲ್ಲಿ ನೀರು ನುಗ್ಗಿಸಿ ಬಂಡೆಯಲ್ಲಿ ಬಿರುಕು ಮೂಡಿಸುತ್ತಾರೆ. ಆಮೇಲೆ ಒಂದು ಬಾವಿಯಲ್ಲಿ ತಣ್ಣೀರು ಬಿಟ್ಟರೆ ಅದು ಬಿರುಕಿನಲ್ಲಿ ಹಾದು, ಕಾದು, ಇನ್ನೊಂದು ಬಾವಿಯಲ್ಲಿ ಮೇಲೆ ಬರುತ್ತದೆ. ಇದಕ್ಕೆ ಇಜಿಎಸ್ (ಎನ್‌ಹ್ಯಾನ್ಸ್ಡ್ ಜಿಯೋಥರ್ಮಲ್ ಸಿಸ್ಟಂ) ಅಂತಾರೆ.

ನನ್ನ ತಕರಾರು ದುಡ್ಡಿನ ಬಗ್ಗೆ. ಅಮೆರಿಕ ಸರ್ಕಾರ 1970ರ ದಶಕದಿಂದ ಇದಕ್ಕೆ ಸುರಿಯುತ್ತಾ ಬಂದಿದೆ. ಈಗ ಕೈಗೂಡುವ ಹೊತ್ತಿಗೆ ಫೆರ್ವೋ ಅನ್ನುವ ಖಾಸಗಿ ಕಂಪನಿ ಬಂದು ಗೂಗಲ್‌ಗೆ ಕರೆಂಟ್ ಮಾರುವ ಒಪ್ಪಂದ ಮಾಡಿಕೊಂಡು, ಕೋಟಿ ಕೋಟಿ ಬಂಡವಾಳ ಎತ್ತಿ, ಪೇಪರ್‌ನಲ್ಲಿ ಫೋಟೋ ಹಾಕಿಸಿಕೊಳ್ಳುತ್ತಿದೆ. ಇಷ್ಟು ವರ್ಷ ತೆರಿಗೆ ಕಟ್ಟಿದವನಿಗೆ ಏನು ಸಿಕ್ಕಿತು? ಕಂಪನಿಗಳೇ ಮಾಡಿಕೊಳ್ಳಬಹುದಿತ್ತಲ್ವಾ?

ಇನ್ನೊಂದು. ನಮ್ಮ ಕೇಂದ್ರ ಸರ್ಕಾರವೂ 2025ರ ಸೆಪ್ಟೆಂಬರ್‌ನಲ್ಲಿ ಜಿಯೋಥರ್ಮಲ್ ನೀತಿ ಹೊರಡಿಸಿದೆ. ಯೂಟಾದಲ್ಲಿ ಕೊರೆದಿದ್ದು ಗ್ರಾನೈಟ್ ಅಂತೆ. ಗ್ರಾನೈಟ್‌ಗೆ ನಮ್ಮಲ್ಲಿ ಬರವಾ? ತುಮಕೂರು, ರಾಮನಗರ, ಕೋಲಾರ ಪೂರ್ತಿ ಅದೇ. ಹಾಗಿದ್ದರೆ ನಾವೂ ಯಾಕೆ ಕೊರೆಯಬಾರದು? ತಿಳಿದವರು ಹೇಳಿ.

ಡ್ರಿಲ್ಲರ್_ದಾವಣಗೆರೆ

ಗುರು, ನಾನು ಎಣ್ಣೆ ಬಾವಿ ಕೊರೆಯುವ ಕೆಲಸದವನು. ಹಾಗಾಗಿ ಬಾವಿ ಕಡೆಯಿಂದಲೇ ಹೇಳುತ್ತೇನೆ. ಉದ್ದ ಆಗುತ್ತೆ, ಬೇಜಾರು ಮಾಡಿಕೊಳ್ಳಬೇಡಿ.

ಯೂಟಾದ ಮಿಲ್‌ಫರ್ಡ್ ಹತ್ತಿರ ಎರಡು ಬೇರೆ ಬೇರೆ ಕೆಲಸ ನಡೆಯುತ್ತಿದೆ, ಅದನ್ನು ಒಂದೇ ಅಂದುಕೊಳ್ಳಬೇಡಿ. ಒಂದು ಫೋರ್ಜ್. ಇಂಧನ ಇಲಾಖೆಯ ದುಡ್ಡು, ಯೂಟಾ ವಿಶ್ವವಿದ್ಯಾಲಯದ ಉಸ್ತುವಾರಿ. ಅದು ಪವರ್ ಪ್ಲಾಂಟ್ ಅಲ್ಲ, ನೆಲದಡಿಯ ಪ್ರಯೋಗಶಾಲೆ. ಮೊದಲು ಐದು ಜಾಗ ಪಟ್ಟಿಯಲ್ಲಿದ್ದವು, ಕೊನೆಗೆ ನೆವಾಡದ ಫಾಲನ್ ಮತ್ತು ಮಿಲ್‌ಫರ್ಡ್ ಉಳಿದವು, 2018ರಲ್ಲಿ ಮಿಲ್‌ಫರ್ಡ್ ಗೆದ್ದಿತು. ಸುಮಾರು 22 ಕೋಟಿ ಡಾಲರ್ ಇಟ್ಟರು, 2024ರಲ್ಲಿ ಇನ್ನೂ 8 ಕೋಟಿ ಡಾಲರ್ ಕೊಟ್ಟು 2028ರವರೆಗೆ ಮುಂದುವರಿಸಿದರು. ಇನ್ನೊಂದು ಕೇಪ್ ಸ್ಟೇಷನ್, ಫೆರ್ವೋದ್ದು, ಅಲ್ಲೇ ಪಕ್ಕದಲ್ಲಿ. ಪಕ್ಕದಲ್ಲಿ ಬಂದಿದ್ದು ಸುಮ್ನೆ ಅಲ್ಲ.

ಕಂಪನಿ ಯಾಕೆ ತಾನೇ ಮಾಡಲಿಲ್ಲ ಅಂದಿರಿ. ನಮ್ಮೂರಲ್ಲಿ ಬೋರ್ ಕೊರೆಸುವ ರೈತನನ್ನೇ ನೋಡಿ. ನೀರು ಬೀಳಲಿ ಬಿಡಲಿ, ಅಡಿ ಲೆಕ್ಕದಲ್ಲಿ ರಿಗ್‌ನವನಿಗೆ ದುಡ್ಡು ಎಣಿಸಲೇಬೇಕು. ಎರಡು ಬೋರ್ ಫೇಲ್ ಆದರೆ ಜಮೀನು ಅಡ ಇಡುವ ಸ್ಥಿತಿ. ಇಲ್ಲಿ ಒಂದು ಬಾವಿಗೇ ಹತ್ತಾರು ಕೋಟಿ ರೂಪಾಯಿ, ಅದೂ ಹಿಂದೆ ಯಾರೂ ಕೊರೆದು ಗೆಲ್ಲದ ಜಾಗದಲ್ಲಿ. ಯಾವ ಬ್ಯಾಂಕ್ ಸಾಲ ಕೊಡುತ್ತೆ? ಇನ್ನೂ ಒಂದು ವಿಷಯ ಇದೆ. ಕಂಪನಿ ಕೊರೆದು ಸೋತರೆ ಯಾಕೆ ಸೋತೆವು ಅಂತ ಪಕ್ಕದ ಕಂಪನಿಗೆ ಹೇಳುವುದಿಲ್ಲ, ಗೆದ್ದರಂತೂ ಹೇಳೋದೇ ಇಲ್ಲ. ಸರ್ಕಾರದ ದುಡ್ಡಿನಲ್ಲಿ ಕೊರೆದರೆ ಎರಡನ್ನೂ ಹೇಳಬೇಕು. ಫೋರ್ಜ್‌ನ ಬಾವಿಗಳ ಡೇಟಾ ಸಾರ್ವಜನಿಕ ಸಂಗ್ರಹದಲ್ಲಿದೆ, ನೀವೂ ಇಳಿಸಿಕೊಳ್ಳಬಹುದು.

ಬಿಟ್, ಅಂದರೆ ಬಂಡೆ ಕೊರೆಯುವ ತುದಿಯ ವಿಷಯ ಹೇಳದೆ ಇರೋಕಾಗಲ್ಲ, ಅದು ನನ್ನ ಹೊಟ್ಟೆಪಾಡು. ಗ್ರಾನೈಟ್ ಅಂದರೆ ಹಲ್ಲಿನ ಚಕ್ರಗಳು ಉರುಳಿ ಬಂಡೆ ಪುಡಿ ಮಾಡುವ ರೋಲರ್ ಕೋನ್ ಬಿಟ್ ಹಾಕಬೇಕು ಅನ್ನೋದು ಹಳೇ ನಂಬಿಕೆ. ಇನ್ನೊಂದು ಜಾತಿ ಪಿಡಿಸಿ ಬಿಟ್. ಉಕ್ಕಿನ ತಲೆ ಮೇಲೆ ಅಂಗಿ ಗುಂಡಿಯಷ್ಟು ದೊಡ್ಡ ಕಪ್ಪು ಬಿಲ್ಲೆಗಳನ್ನು ಸಾಲಾಗಿ ಕೂರಿಸಿರುತ್ತಾರೆ, ಮೇಲ್ಪದರ ಕೃತಕ ವಜ್ರ. ಅದು ಬಂಡೆಯನ್ನು ಕುಟ್ಟುವುದಿಲ್ಲ, ಕೆರೆಯುತ್ತದೆ. ಎಣ್ಣೆ ಬಾವಿಯ ಮೆತ್ತನೆ ಕಲ್ಲಿಗೆ ಅದು ಚಿನ್ನ. ಗ್ರಾನೈಟ್‌ಗೆ ಹಾಕಿದರೆ ಗಡಗಡ ನಡುಗಿ ಬಿಲ್ಲೆ ಎಗರಿಹೋಗುತ್ತೆ ಅಂತ ಎಲ್ಲರೂ ದೂರ ಇಟ್ಟಿದ್ದರು. ಫೋರ್ಜ್‌ನಲ್ಲಿ ಟೆಕ್ಸಸ್ ಎ ಅಂಡ್ ಎಂ ವಿಶ್ವವಿದ್ಯಾಲಯದವರು ರಿಗ್‌ನವರ ಜೊತೆ ಕೂತು, ಬಿಟ್ ಮೇಲೆ ಎಷ್ಟು ಭಾರ ಹಾಕಬೇಕು, ಎಷ್ಟು ವೇಗದಲ್ಲಿ ತಿರುಗಿಸಬೇಕು, ನಡುಕ ಶುರುವಾದರೆ ಏನು ಮಾಡಬೇಕು ಅಂತ ಶಿಫ್ಟ್‌ಗೆ ಶಿಫ್ಟ್ ಕಲಿಸಿದರು. ಪ್ರತಿ ಬಿಟ್ ಮೇಲೆ ಬಂದಾಗ ಸವೆದ ಜಾಗದ ಫೋಟೋ ತೆಗೆದು, ಇಲ್ಲಿ ಯಾಕೆ ಸವೆಯಿತು ಅಂತ ಹುಡುಕುತ್ತಿದ್ದರು. ಕೊರೆಯುವ ವೇಗ ಎರಡು ಪಟ್ಟಿಗೂ ಜಾಸ್ತಿ ಆಯಿತು. ಬಾವಿ ಖರ್ಚಿನಲ್ಲಿ ದೊಡ್ಡ ಪಾಲು ರಿಗ್‌ನ ದಿನಬಾಡಿಗೆ, ಹಾಗಾಗಿ ದಿನ ಉಳಿದಷ್ಟೂ ದುಡ್ಡು ಉಳಿಯುತ್ತದೆ. ಫೆರ್ವೋ ಕೇಪ್ ಸ್ಟೇಷನ್‌ನಲ್ಲಿ ಮೊದಲ ಅಡ್ಡ ಬಾವಿಗೆ 94 ಲಕ್ಷ ಡಾಲರ್ ಖರ್ಚು ಮಾಡಿತ್ತು, ನಾಲ್ಕನೆಯದಕ್ಕೆ 48 ಲಕ್ಷಕ್ಕೆ ಇಳಿಸಿತು.

ಅದೇ ರೀತಿ ಬಾವಿಗಳ ಕ್ರಮ. ಮೊದಲು ನ್ಯೂ ಮೆಕ್ಸಿಕೋದ ಫೆಂಟನ್ ಹಿಲ್‌ನಲ್ಲಿ ಲಾಸ್ ಅಲಾಮೋಸ್ ಲ್ಯಾಬ್‌ನವರು 1970ರ ದಶಕದಲ್ಲಿ ಶುರು ಮಾಡಿದ್ದರು. ಎರಡನೇ ಹಂತದಲ್ಲಿ ಎರಡೂ ಬಾವಿಗಳನ್ನು ಕೊರೆದು ಮುಗಿಸಿ, ಆಮೇಲೆ ಬಿರುಕು ಮಾಡಲು ಹೋದರು. ಬಿರುಕು ಇವರು ಅಂದುಕೊಂಡ ದಿಕ್ಕಿಗೆ ಹೋಗಲೇ ಇಲ್ಲ. ಎರಡು ಬಾವಿ ಒಂದಕ್ಕೊಂದು ಸೇರಲಿಲ್ಲ. ಕೊನೆಗೆ 1985ರಲ್ಲಿ ಒಂದು ಬಾವಿಯನ್ನು ಅರ್ಧದಿಂದ ಬೇರೆ ಕಡೆ ತಿರುಗಿಸಿ ಕೊರೆಯಬೇಕಾಯಿತು. ಫೋರ್ಜ್ ಆ ಪಾಠ ಕಲಿತೇ ಕೆಲಸ ಮಾಡಿತು. ಮೊದಲ ಬಾವಿ 16ಎ, ನೇರ ಆಳ ಸುಮಾರು 2,600 ಮೀಟರ್, ಕೆಳಗೆ 65 ಡಿಗ್ರಿ ಓರೆ. ಅಲ್ಲಿ ಬಂಡೆಯ ಶಾಖ ಸುಮಾರು 225 ಡಿಗ್ರಿ. 2022ರಲ್ಲಿ ಅದರ ತುದಿಯಲ್ಲಿ ಬಿರುಕು ಮಾಡಿ, ಬಿರುಕು ಮೂಡುವಾಗ ಆಗುವ ಸಣ್ಣ ಸಣ್ಣ ಸದ್ದನ್ನು ಅಕ್ಕಪಕ್ಕದ ಬಾವಿಗಳಲ್ಲಿ ಇಳಿಸಿದ ಜಿಯೋಫೋನ್‌ನಲ್ಲಿ ಹಿಡಿದು ನಕ್ಷೆ ಬರೆದರು. ಆಮೇಲೆ 2023ರಲ್ಲಿ ಎರಡನೇ ಬಾವಿ 16ಬಿಯನ್ನು ಆ ಬಿರುಕುಗಳ ಮಧ್ಯೆಯೇ, ಮೊದಲನೆಯದಕ್ಕಿಂತ ನೂರು ಮೀಟರ್ ಮೇಲೆ ಹಾಯಿಸಿದರು. 2024ರಲ್ಲಿ ಒಂದು ತಿಂಗಳು ನೀರು ಸುತ್ತಿಸಿ ನೋಡಿದರು. ಹಾಕಿದ್ದರಲ್ಲಿ ಹೆಚ್ಚು ಕಡಿಮೆ ಶೇ. 90 ವಾಪಸ್ ಬಂತು, ಮೇಲೆ ಬಂದ ನೀರು 185 ಡಿಗ್ರಿ ದಾಟಿತ್ತು.

ತೆರಿಗೆ ಕಟ್ಟಿದವನಿಗೆ ಏನು ಸಿಕ್ಕಿತು ಅಂದರೆ ಇದು.

ಖರ್ಚುವೆಚ್ಚ

ಡ್ರಿಲ್ಲರ್ ಸರ್ ಚೆನ್ನಾಗಿ ಬರೆದಿದ್ದಾರೆ, ಆದರೆ ಗೆದ್ದ ಕಥೆ ಮಾತ್ರ ಹೇಳಿದರು. ಸೋತವೂ ಸರ್ಕಾರದ ದುಡ್ಡೇ ತಿಂದಿವೆ.

ಆಸ್ಟ್ರೇಲಿಯಾ ತಗೊಳ್ಳಿ. ಕೂಪರ್ ಬೇಸಿನ್‌ನಲ್ಲಿ ಜಿಯೋಡೈನಾಮಿಕ್ಸ್ ಅಂತ ಕಂಪನಿ. ನಾಲ್ಕು ಕಿಲೋಮೀಟರ್ ಆಳದಲ್ಲಿ 240 ಡಿಗ್ರಿ ಬಂಡೆ, ಲೋಕದಲ್ಲೇ ಒಳ್ಳೆ ಜಾಗ ಅಂತ ಹೇಳಿಕೊಂಡರು. 2009ರಲ್ಲಿ ಸರ್ಕಾರ 9 ಕೋಟಿ ಆಸ್ಟ್ರೇಲಿಯನ್ ಡಾಲರ್ ಅನುದಾನ ಘೋಷಿಸಿತು. ಅದೇ ವರ್ಷ ಒಂದು ಬಾವಿ ಒಡೆದು ಉಕ್ಕಿ ಹಾಳಾಯಿತು. 2013ರಲ್ಲಿ 1 ಮೆಗಾವಾಟ್ ಪ್ಲಾಂಟ್ 160 ದಿನ ಓಡಿತು. 2016ಕ್ಕೆ ಬಾವಿಗಳನ್ನು ಮುಚ್ಚಿ ಹೊರಟರು. ಕರೆಂಟ್ ಬಂದಿದ್ದರೂ ಮರುಭೂಮಿ ಮಧ್ಯದಿಂದ ಊರಿಗೆ ತರೋಕೆ ಲೈನ್ ಎಳೆಯೋರು ಯಾರು ಅನ್ನೋ ಪ್ರಶ್ನೆಗೆ ಉತ್ತರವೇ ಇರಲಿಲ್ಲ.

ಫ್ರಾನ್ಸ್‌ನ ಸೂಲ್ಟ್ಸ್, 1987ರಲ್ಲಿ ಶುರು. ಫ್ರಾನ್ಸ್, ಜರ್ಮನಿ, ಯುರೋಪ್ ಒಕ್ಕೂಟ ಎಲ್ಲರ ದುಡ್ಡು. ಐದು ಕಿಲೋಮೀಟರ್ ಕೊರೆದು, ಇಪ್ಪತ್ತು ವರ್ಷ ಕಳೆದು, ಬಂದಿದ್ದು ಒಂದೂವರೆ ಮೆಗಾವಾಟ್ ಚಿಲ್ಲರೆ. ನಮ್ಮ ಪಾವಗಡ ಸೋಲಾರ್ ಪಾರ್ಕ್ 2,050 ಮೆಗಾವಾಟ್. ಹೋಲಿಸುವುದು ಅನ್ಯಾಯ, ಗೊತ್ತು, ಆದರೂ ದುಡ್ಡು ಹಾಕುವವನ ಕಣ್ಣಿಗೆ ಹೋಲಿಕೆ ಬಂದೇ ಬರುತ್ತೆ.

ಭೂಕಂಪದ ಮಾತು ಯಾರೂ ಎತ್ತಲಿಲ್ಲ. ದಕ್ಷಿಣ ಕೊರಿಯಾದ ಪೋಹಾಂಗ್‌ನಲ್ಲಿ ಸರ್ಕಾರದ ಬೆಂಬಲದಲ್ಲೇ ಇಜಿಎಸ್ ನಡೆಯುತ್ತಿತ್ತು. 2017ರ ಏಪ್ರಿಲ್‌ನಲ್ಲಿ ನೀರು ನುಗ್ಗಿಸಿದ ಮೇಲೆ 3ಕ್ಕೂ ಜಾಸ್ತಿ ತೀವ್ರತೆಯ ಕಂಪನ ಆಯಿತು. ಅಲ್ಲಿಗೇ ನಿಲ್ಲಿಸಬೇಕಿತ್ತು. ನಿಲ್ಲಿಸಲಿಲ್ಲ, ಮತ್ತೆ ನೀರು ಹಾಕಿದರು. ನವೆಂಬರ್ 15ಕ್ಕೆ 5.4 ತೀವ್ರತೆಯ ಭೂಕಂಪ. ಮನೆಗಳು ಬಿರುಕು ಬಿಟ್ಟವು, ನೂರಕ್ಕೂ ಜಾಸ್ತಿ ಜನಕ್ಕೆ ಗಾಯ. ಮಾರನೇ ದಿನ ಇಡೀ ದೇಶದ ಮಕ್ಕಳು ಬರೆಯಬೇಕಿದ್ದ ಕಾಲೇಜು ಪ್ರವೇಶ ಪರೀಕ್ಷೆಯನ್ನು ಒಂದು ವಾರ ಮುಂದೆ ಹಾಕಿದರು. 2019ರಲ್ಲಿ ಸರ್ಕಾರ ನೇಮಿಸಿದ ತಂಡವೇ, ಹೌದು, ಇದು ಆ ಬಾವಿಯಿಂದಲೇ ಪ್ರಚೋದನೆ ಆದದ್ದು ಅಂತ ಹೇಳಿತು. ಸ್ವಿಟ್ಜರ್ಲೆಂಡ್‌ನ ಬಾಸೆಲ್‌ನಲ್ಲೂ 2006ರಲ್ಲಿ 3.4 ತೀವ್ರತೆಯ ಕಂಪನ ಆಗಿ ಯೋಜನೆಯೇ ಬಂದ್ ಆಯಿತು. ಅದೂ 1356ರಲ್ಲಿ ಭೂಕಂಪಕ್ಕೆ ನೆಲಸಮ ಆಗಿದ್ದ ಊರು! ಅಂಥ ಊರಿನ ನಡುವೆ ಬಾವಿ ಕೊರೆಯೋಕೆ ಹೊರಟವರ ಧೈರ್ಯ ಮೆಚ್ಚಬೇಕೋ ಬೈಯಬೇಕೋ.

ನಾನು ಬೇಡವೇ ಬೇಡ ಅನ್ನುತ್ತಿಲ್ಲ. ಸರ್ಕಾರ ಬೆಂಬಲ ಕೊಡುವಾಗ ಬಾವಿ ಖರ್ಚು ಮಾತ್ರ ಲೆಕ್ಕ ಹಾಕುತ್ತೆ, ಪಕ್ಕದ ಮನೆ ಗೋಡೆ ಬಿರುಕು ಬಿಟ್ಟರೆ ಯಾರು ಕೊಡಬೇಕು ಅನ್ನೋದನ್ನು ಮೊದಲೇ ಬರೆದಿಡುವುದಿಲ್ಲ. ಆಮೇಲೆ ಎಲ್ಲರೂ ಕೋರ್ಟು ಕಚೇರಿ ಅಲೆಯಬೇಕು.

ಸುಮ್ನೆ_ಓದುವವ

ಪರೀಕ್ಷೆ ಮುಂದೆ ಹೋದದ್ದು ಗೊತ್ತಿರಲಿಲ್ಲ. ನಮ್ಮ ಸಿಇಟಿ ಟೈಮಲ್ಲಿ ಹೀಗಾಗಿದ್ದರೆ ಕೆಲವರು ಬಾವಿಗೆ ಪೂಜೆ ಮಾಡಿಸುತ್ತಿದ್ದರು 😄

ಕಲ್ಲುಮಣ್ಣು

ಕಲ್ಪತರು, ನಿಮ್ಮ ಎರಡನೇ ಪ್ರಶ್ನೆಗೆ ಯಾರೂ ಉತ್ತರ ಕೊಟ್ಟಿಲ್ಲ. ಭೂವಿಜ್ಞಾನ ಪಾಠ ಮಾಡಿದವಳು ನಾನು, ಅದನ್ನು ನನಗೆ ಬಿಡಿ.

ಗ್ರಾನೈಟ್ ಇದ್ದರೆ ಸಾಲದು, ಅದು ಬಿಸಿ ಇರಬೇಕು. ಯೂಟಾದ ಆ ಭಾಗದಲ್ಲಿ ಭೂಮಿಯ ಹೊರಪದರ ಹಿಗ್ಗಿ ತೆಳುವಾಗಿದೆ. ಕೆಳಗಿನ ಶಾಖ ಮೇಲಕ್ಕೆ ಹತ್ತಿರ ಬಂದಿದೆ. ಪಕ್ಕದ ಮಿನರಲ್ ಬೆಟ್ಟಸಾಲಿನಲ್ಲಿ ಹತ್ತು ಲಕ್ಷ ವರ್ಷಕ್ಕಿಂತ ಈಚಿನ ಲಾವಾ ಕಲ್ಲು ಸಿಗುತ್ತದೆ, ಭೂಮಿಯ ಲೆಕ್ಕದಲ್ಲಿ ಅದು ನಿನ್ನೆ ಮೊನ್ನೆಯದು. ನಮ್ಮ ರಾಮನಗರದ ಬಂಡೆ, ಕ್ಲೋಸ್‌ಪೇಟ್ ಗ್ರಾನೈಟ್ ಅಂತ ಪುಸ್ತಕದಲ್ಲಿ ಓದುತ್ತೀರಲ್ಲ, ಅದಕ್ಕೆ ಸುಮಾರು 250 ಕೋಟಿ ವರ್ಷ. ಯಾವತ್ತೋ ತಣ್ಣಗಾಗಿದೆ.

ಇದನ್ನು ಊಹೆ ಮಾಡಬೇಕಾಗಿಲ್ಲ, ನಮ್ಮಲ್ಲಿ ಇಳಿದು ನೋಡಿದ್ದಾರೆ. ಕೆಜಿಎಫ್‌ನ ಚಾಂಪಿಯನ್ ರೀಫ್ ಗಣಿ 3.2 ಕಿಲೋಮೀಟರ್ ಆಳ. ಅಷ್ಟು ಆಳದಲ್ಲಿ ಬಂಡೆಯ ಶಾಖ 65 ಡಿಗ್ರಿಗಿಂತ ಸ್ವಲ್ಪ ಮೇಲೆ. ಅಲ್ಲಿ ದುಡಿದವರಿಗೆ ಅದೇ ನರಕ. ಬಂಡೆ ಮೇಲೆ ಕೈ ಇಟ್ಟರೆ ಸುಡುತ್ತಿತ್ತು, ಮೇಲಿಂದ ತಂಪು ಮಾಡಿದ ಗಾಳಿಯನ್ನು ಕೆಳಗೆ ತಳ್ಳದೆ ಕೆಲಸ ಮಾಡಲು ಆಗುತ್ತಿರಲಿಲ್ಲ. ಆದರೆ ಟರ್ಬೈನ್ ತಿರುಗಿಸುವವನಿಗೆ 65 ಡಿಗ್ರಿ ಏನೂ ಅಲ್ಲ. ಲೆಕ್ಕ ಹಾಕಿ ನೋಡಿ. ಮೇಲೆ 28 ಡಿಗ್ರಿ ಇಟ್ಟುಕೊಂಡರೆ ಕೋಲಾರದಲ್ಲಿ ಒಂದು ಕಿಲೋಮೀಟರ್ ಇಳಿದರೆ 12 ಡಿಗ್ರಿಯಷ್ಟು ಏರುತ್ತದೆ. 200 ಡಿಗ್ರಿ ಮುಟ್ಟಲು 14 ಕಿಲೋಮೀಟರ್ ಬೇಕು. ಮನುಷ್ಯ ಇವತ್ತಿನವರೆಗೆ ನೇರ ಕೆಳಗೆ ಕೊರೆದ ಅತಿ ಆಳದ ಬಾವಿ ರಷ್ಯಾದ ಕೋಲಾದಲ್ಲಿದೆ, 12,262 ಮೀಟರ್. ಅದನ್ನೂ ಮೀರಿ ಹೋಗಬೇಕು! ಫೋರ್ಜ್‌ನಲ್ಲಿ 2.6 ಕಿಲೋಮೀಟರ್‌ಗೇ 225 ಡಿಗ್ರಿ.

ಇನ್ನು ಕರಾವಳಿಯವರು ಪುತ್ತೂರು ತಾಲ್ಲೂಕು ಇರ್ದೆಯ ಬೆಂದ್ರುತೀರ್ಥ ನೆನಪಿಸಬಹುದು. ನೀರು ಬೆಚ್ಚಗಿದೆ, ಮೈ ಶಾಖಕ್ಕೆ ಹತ್ತಿರ. ಸ್ನಾನಕ್ಕೆ ಚೆಂದ, ಕರೆಂಟಿಗೆ ಆಗದು. ಕರ್ನಾಟಕದ ಮಟ್ಟಿಗೆ ಇಜಿಎಸ್ ಅಂತ ಯಾರಾದರೂ ಅನುದಾನ ಕೇಳಿದರೆ ಮೊದಲು ಶಾಖದ ಲೆಕ್ಕ ತೋರಿಸಿ ಅನ್ನಬೇಕು.

ದೇಶದ ಮಟ್ಟಿಗೆ ಮಾತು ಬೇರೆ. ಲಡಾಖ್‌ನ ಪೂಗಾದಲ್ಲಿ ಜಿಎಸ್‌ಐನವರು (ಭಾರತೀಯ ಭೂವೈಜ್ಞಾನಿಕ ಸರ್ವೇಕ್ಷಣೆ) 1970ರ ದಶಕದಲ್ಲೇ 400 ಮೀಟರ್ ಒಳಗೆ ಕೊರೆದು ನೂರು ಡಿಗ್ರಿ ಮೀರಿದ ನೀರು ಕಂಡಿದ್ದರು. ಆಮೇಲೆ ಎಷ್ಟೋ ದಶಕ ಯಾರೂ ಮುಂದೆ ಹೋಗಲಿಲ್ಲ. 2021ರಲ್ಲಿ ಒಎನ್‌ಜಿಸಿ ಲಡಾಖ್ ಆಡಳಿತದ ಜೊತೆ 1 ಮೆಗಾವಾಟ್ ಪ್ರಯೋಗಕ್ಕೆ ಒಪ್ಪಂದ ಮಾಡಿಕೊಂಡಿತು. 2022ರಲ್ಲಿ ಕೊರೆಯುವಾಗ ಹಬೆ ಜೋರಾಗಿ ಉಕ್ಕಿತು, ಬಾವಿಯ ದ್ರವ ಪೂಗಾ ಹಳ್ಳಕ್ಕೆ ಸೇರಿ ಗಲಾಟೆಯಾಗಿ ಕೆಲಸ ನಿಂತಿತು. ಸಮುದ್ರಮಟ್ಟದಿಂದ 14,000 ಅಡಿ ಮೇಲೆ, ಚಳಿಗಾಲದಲ್ಲಿ ರಿಗ್ ನಡೆಸುವ ಹಾಗೇ ಇಲ್ಲ. ಗುಜರಾತಿನ ಕ್ಯಾಂಬೆ ಕಡೆ ನೆಲ ನಮಗಿಂತ ಎಷ್ಟೋ ಬಿಸಿ, ಎಣ್ಣೆ ತೆಗೆದು ಬಿಟ್ಟ ಹಳೇ ಬಾವಿಗಳೂ ಇವೆ. ಹೊಸ ನೀತಿಯಲ್ಲಿ ಅಂಥ ಬಾವಿಗಳನ್ನು ಬಳಸುವ ಮಾತು ಬಂದಿದೆ. ಅದು ನನಗೆ ಸರಿಯಾದ ದಾರಿ ಅನ್ನಿಸುತ್ತೆ, ಕೊರೆದ ಖರ್ಚು ಆಗಲೇ ಆಗಿಹೋಗಿದೆಯಲ್ಲ.

ಬೆಂಗಳೂರಿಗೂ ಇದರಲ್ಲಿ ಒಂದು ಹಳೇ ನಂಟು ಇದೆ, ಬಹಳ ಜನರಿಗೆ ಗೊತ್ತಿಲ್ಲ. ಹಿಮಾಚಲದ ಮಣಿಕರಣ್‌ನ ಬಿಸಿನೀರಿನಲ್ಲಿ 5 ಕಿಲೋವಾಟ್‌ನ ಪುಟ್ಟ ಪ್ಲಾಂಟ್ ಓಡಿಸಿ ನೋಡಿದ್ದರಲ್ಲಿ ನಮ್ಮ ಬೆಂಗಳೂರಿನ ವಿಮಾನ ಸಂಶೋಧನಾ ಸಂಸ್ಥೆ ಎನ್‌ಎಎಲ್ ಕೈ ಇತ್ತು. ಮುಂದುವರಿಸಿದ್ದರೆ!

ಕಲ್ಪತರು_ಹುಡುಗ

ಮೇಡಂ, 14 ಕಿಲೋಮೀಟರ್ ಅಂದ ತಕ್ಷಣ ಕರ್ನಾಟಕದ ಆಸೆ ಬಿಟ್ಟೆ. ಧನ್ಯವಾದ. ಕೆಜಿಎಫ್ ಲೆಕ್ಕ ಇಷ್ಟು ಸಲೀಸಾಗಿ ಉತ್ತರ ಕೊಡುತ್ತೆ ಅಂದುಕೊಂಡಿರಲಿಲ್ಲ.

ಡ್ರಿಲ್ಲರ್ ಅವರೇ, ಡೇಟಾ ಸಾರ್ವಜನಿಕ ಅನ್ನೋದನ್ನು ಒಪ್ಪುತ್ತೇನೆ. ಆದರೆ ಸಂಶೋಧನೆಗೆ ಕೊಡೋದು ಬೇರೆ, ಕಂಪನಿಯ ಕೈಗೇ ದುಡ್ಡು ಕೊಡೋದು ಬೇರೆ ಅಲ್ವಾ? 2024ರಲ್ಲಿ ಷೆವ್ರಾನ್, ಫೆರ್ವೋ, ಮಜಾಮಾ ಮೂವರಿಗೆ ಸೇರಿ 6 ಕೋಟಿ ಡಾಲರ್‌ವರೆಗೆ ಅಂತ ಇಂಧನ ಇಲಾಖೆ ಪ್ರಕಟಿಸಿತ್ತು. ಷೆವ್ರಾನ್‌ನಂಥ ಎಣ್ಣೆ ಕಂಪನಿಗೂ ಅನುದಾನವಾ?

ಸಾಲ್ಟ್‌ಲೇಕ್_ಸುಬ್ಬು

ಇದೇ ರಾಜ್ಯದಲ್ಲಿ ಇರೋನು ನಾನು, ಮಿಲ್‌ಫರ್ಡ್ ಕಡೆ ಹೋಗಿದ್ದೇನೆ. ನೋಡೋಕೆ ಅಂಥ ವಿಶೇಷ ಏನೂ ಇಲ್ಲ. ಬಯಲು, ಮೊಣಕಾಲೆತ್ತರದ ಬೂದುಹಸಿರು ಸೇಜ್ ಗಿಡ, ಪೂರ್ವಕ್ಕೆ ಮಿನರಲ್ ಬೆಟ್ಟಗಳು, ದೂರದಲ್ಲಿ ರಿಗ್. ಗಾಳಿ ಬೀಸಿದ ದಿಕ್ಕಿನ ಮೇಲೆ ಹಂದಿ ಫಾರಂ ವಾಸನೆ. ಅಲ್ಲೇ ವಿಂಡ್‌ಮಿಲ್‌ಗಳೂ ಇವೆ, 1984ರಿಂದ ನಡೆಯುತ್ತಿರುವ ಹಳೇ ಮಾಮೂಲಿ ಜಿಯೋಥರ್ಮಲ್ ಪ್ಲಾಂಟೂ ಇದೆ, ಹಾಗಾಗಿ ಕರೆಂಟ್ ಸಾಗಿಸೋ ಲೈನ್ ಮೊದಲೇ ಇತ್ತು. ಕೂಪರ್ ಬೇಸಿನ್‌ಗೆ ಇಲ್ಲದ್ದು ಇಲ್ಲಿ ಇತ್ತು ಅನ್ನಿ.

ನಾನು ಹೇಳಬೇಕಾದ್ದು ರಾಜಕೀಯದ ಮಾತು. ಈ ದುಡ್ಡು ಒಂದೇ ಸಮ ಬಂದಿದ್ದಲ್ಲ. 2007ರ ಬಜೆಟ್‌ಗೆ ಬುಷ್ ಸರ್ಕಾರ ಜಿಯೋಥರ್ಮಲ್ ಸಂಶೋಧನೆಗೆ ಸೊನ್ನೆ ಕೇಳಿತ್ತು. ಹೆಚ್ಚು ಕಡಿಮೆ ಅದೇ ಹೊತ್ತಿಗೆ, ಅದೇ ಇಂಧನ ಇಲಾಖೆಯ ದುಡ್ಡಿನಲ್ಲಿ ಎಂಐಟಿ ತಂಡ ಒಂದು ವರದಿ ಮಾಡಿ, ಹದಿನೈದು ವರ್ಷದಲ್ಲಿ ನೂರು ಕೋಟಿ ಡಾಲರ್ ಒಳಗೆ ಹಾಕಿದರೆ 2050ಕ್ಕೆ 1 ಲಕ್ಷ ಮೆಗಾವಾಟ್ ಸಾಧ್ಯ ಅಂದಿತ್ತು. ಬಲಗೈ ವರದಿ ಬರೆಸಿತು, ಎಡಗೈ ಬಾಗಿಲು ಮುಚ್ಚಿತು. 2009ರಲ್ಲಿ ಒಬಾಮಾ ಆರ್ಥಿಕ ಪ್ಯಾಕೇಜ್‌ನಲ್ಲಿ ಮತ್ತೆ ದುಡ್ಡು ಬಂತು. ಐವತ್ತು ವರ್ಷ ಸುರಿದರು ಅಂತ ಕಲ್ಪತರು ಬರೆದಿದ್ದಾರಲ್ಲ, ಸುರಿದಿದ್ದಕ್ಕಿಂತ ನಿಲ್ಲಿಸಿದ್ದೇ ದುಬಾರಿ ಆಯಿತು ಅನ್ನೋದು ನನ್ನ ಅನಿಸಿಕೆ. ಪ್ರತಿ ಸಲ ನಿಲ್ಲಿಸಿದಾಗ ತಂಡ ಚದುರುತ್ತೆ, ಬಾವಿಗೆ ಸಿಮೆಂಟ್ ತುಂಬುತ್ತಾರೆ, ಹತ್ತು ವರ್ಷ ಬಿಟ್ಟು ಹೊಸಬರು ಮೊದಲಿಂದ ಶುರು ಮಾಡುತ್ತಾರೆ.

ಈಗಿನ ಟ್ರಂಪ್ ಸರ್ಕಾರದ ತಮಾಷೆ ನೋಡಿ. 2025ರ ಕಾನೂನಿನಲ್ಲಿ ಸೋಲಾರ್, ವಿಂಡ್‌ಗೆ ತೆರಿಗೆ ರಿಯಾಯಿತಿ ಬೇಗ ಮುಗಿಯುವ ಹಾಗೆ ಮಾಡಿದರು, ಜಿಯೋಥರ್ಮಲ್‌ಗೆ ಉಳಿಸಿದರು. ಇಂಧನ ಸಚಿವ ಕ್ರಿಸ್ ರೈಟ್ ಮೊದಲು ಲಿಬರ್ಟಿ ಎನರ್ಜಿ ಅನ್ನುವ ಫ್ರ್ಯಾಕಿಂಗ್ (ಒತ್ತಡದ ನೀರಿನಿಂದ ಬಂಡೆ ಬಿರುಕು ಬಿಡಿಸಿ ಎಣ್ಣೆ, ಗ್ಯಾಸ್ ತೆಗೆಯುವ) ಕಂಪನಿ ನಡೆಸುತ್ತಿದ್ದವರು, ಆ ಕಂಪನಿ 2022ರಲ್ಲೇ ಫೆರ್ವೋದಲ್ಲಿ 1 ಕೋಟಿ ಡಾಲರ್ ಹೂಡಿತ್ತು. ಎಣ್ಣೆ ಕೆಲಸದವರಿಗೆ ಅದೇ ರಿಗ್, ಅದೇ ಪಂಪ್, ಅದೇ ಸಂಬಳ. ಹಾಗಾಗಿ ಎರಡೂ ಪಕ್ಷದವರಿಗೂ ಇದು ಹಿತ. ಷೆವ್ರಾನ್ ಯಾಕೆ ಅಂತ ಕೇಳಿದಿರಲ್ಲ, ಒಂದು ಉತ್ತರ ಇದೇ. ನನಗೇನೂ ಖುಷಿ ಇಲ್ಲ, ಆದರೆ ಸರ್ಕಾರ ಬದಲಾದರೂ ನಿಲ್ಲದ ಯೋಜನೆ ಬೇಕು ಅಂದರೆ ಇಂಥ ಕೂಟ ಬೇಕಾಗುತ್ತೆ.

ಡ್ರಿಲ್ಲರ್_ದಾವಣಗೆರೆ

ಖರ್ಚುವೆಚ್ಚ ಅವರ ಭೂಕಂಪದ ಮಾತಿಗೆ ನನ್ನ ಪೂರ್ತಿ ಒಪ್ಪಿಗೆ. ಪೋಹಾಂಗ್‌ನಲ್ಲಿ ಆಗಿದ್ದು ತಂತ್ರಜ್ಞಾನದ ಕರ್ಮ ಅಲ್ಲ, ಎಚ್ಚರಿಕೆ ಸಿಕ್ಕ ಮೇಲೂ ಪಂಪ್ ಮಾಡಿದ್ದು. ಟ್ರಾಫಿಕ್ ಲೈಟ್ ಪದ್ಧತಿ ಅಂತ ಇದೆ. ಕಂಪನ ಇಷ್ಟು ದಾಟಿದರೆ ಹಳದಿ, ಪಂಪಿಂಗ್ ಕಡಿಮೆ ಮಾಡು, ಇಷ್ಟು ದಾಟಿದರೆ ಕೆಂಪು, ನಿಲ್ಲಿಸು. ಆದರೆ ಪೋಹಾಂಗ್ ಕಲಿಸಿದ್ದು ಬರೀ ದೀಪ ಇದ್ದರೆ ಸಾಲದು ಅಂತ. ದೊಡ್ಡ ಕಂಪನ ಆಗಿದ್ದು ಪಂಪ್ ನಿಲ್ಲಿಸಿ ಎರಡು ತಿಂಗಳ ಮೇಲೆ, ಕೆಳಗಿದ್ದ ಹಳೇ ಬಿರುಕಿನ ಸಾಲು ಯಾರಿಗೂ ಗೊತ್ತಿರಲಿಲ್ಲ. ಊರಿನಿಂದ ದೂರ ಜಾಗ ಆರಿಸೋದು, ಕೊರೆಯೋ ಮೊದಲೇ ವರ್ಷಗಟ್ಟಲೆ ಆ ನೆಲದ ಸಹಜ ಕಂಪನ ಅಳೆಯೋದು, ಇದಕ್ಕೆ ಕಂಪನಿ ದುಡ್ಡು ಹಾಕಲ್ಲ. ಅದು ಸರ್ಕಾರ ಮಾಡಬೇಕಾದ ಖರ್ಚು.

ಕಂಪನಿ ಕೈಗೆ ದುಡ್ಡು ಕೊಡೋ ವಿಷಯ. ಪೂರ್ತಿ ಕೊಟ್ಟರೆ ತಪ್ಪು. ನೆವಾಡದ ಡೆಸರ್ಟ್ ಪೀಕ್ ನೋಡಿ. ಹಳೇ ಪ್ಲಾಂಟ್ ಪಕ್ಕದಲ್ಲಿ ಪ್ರಯೋಜನಕ್ಕೆ ಬಾರದ ಒಂದು ಬಾವಿ ಇತ್ತು. ಅದರಲ್ಲಿ ಬಿರುಕು ಮಾಡಿ 2013ರಲ್ಲಿ 1.7 ಮೆಗಾವಾಟ್ ಜಾಸ್ತಿ ತೆಗೆದರು, ಅಮೆರಿಕದಲ್ಲಿ ಗ್ರಿಡ್‌ಗೆ ಸೇರಿದ ಮೊದಲ ಇಜಿಎಸ್ ಕರೆಂಟ್ ಅದೇ. ಸರ್ಕಾರ 54 ಲಕ್ಷ ಡಾಲರ್ ಹಾಕಿತು, ಆರ್ಮ್ಯಾಟ್ ಕಂಪನಿ 26 ಲಕ್ಷ. ತನ್ನ ಜೇಬಿನದೂ ಹೋಗುತ್ತೆ ಅಂದಾಗ ಕಂಪನಿ ಹುಷಾರಾಗಿರುತ್ತೆ. ಐಸ್‌ಲ್ಯಾಂಡ್‌ನ ಹಳೇ ಪದ್ಧತಿ ನನಗೆ ಇನ್ನೂ ಇಷ್ಟ. ಸರ್ಕಾರದ ನಿಧಿಯಿಂದ ಕೊರೆಯೋಕೆ ಸಾಲ, ಬಾವಿ ಗೆದ್ದರೆ ವಾಪಸ್ ಕಟ್ಟು, ಸೋತರೆ ಮನ್ನಾ. ಆ ದೇಶದ ಮನೆಗಳೆಲ್ಲ ಬಿಸಿನೀರಿನಲ್ಲಿ ಬೆಚ್ಚಗಾಗಿದ್ದರ ಹಿಂದೆ ಅದೂ ಒಂದು ಕಾರಣ. ನಮ್ಮ ನೀತಿಯಲ್ಲಿ ಪೂಗಾ, ಕ್ಯಾಂಬೆಗೆ ಇಂಥದ್ದು ಬಂದರೆ ಕೊರೆಯೋರು ಮುಂದೆ ಬರುತ್ತಾರೆ. ಯೂನಿಟ್‌ಗೆ ಇಷ್ಟು ಸಬ್ಸಿಡಿ ಅಂತ ಹಂಚಿದರೆ ಮೊದಲ ಬಾವಿಯೇ ಬೀಳಲ್ಲ.

ಖರ್ಚುವೆಚ್ಚ

ಸಾಲ ಮನ್ನಾ ಪದ್ಧತಿ ಒಳ್ಳೇದೇ. ಆದರೆ ನಮ್ಮಲ್ಲಿ ಎಲ್ಲಾ ಬಾವಿಯೂ ಫೇಲ್ ಅಂತ ವರದಿ ಬರುತ್ತೆ, ನೋಡ್ತಿರಿ. ಬಾವಿ ಸೋತಿತು ಅಂತ ತೀರ್ಮಾನ ಮಾಡೋದು ಯಾರು? ಕೊರೆದವನೇ ಅಲ್ಲ ತಾನೇ?

ಡ್ರಿಲ್ಲರ್_ದಾವಣಗೆರೆ

ಅಲ್ಲ. ಶಾಖ ಎಷ್ಟು, ಸೆಕೆಂಡಿಗೆ ಎಷ್ಟು ಲೀಟರ್ ಅನ್ನೋದು ಮೊದಲೇ ಒಪ್ಪಂದದಲ್ಲಿ ಇರಬೇಕು. ಅಳೆಯೋರು ಮೂರನೆಯವರು. ಇದೇನೂ ಕಷ್ಟ ಅಲ್ಲ, ಎಣ್ಣೆ ಬಾವಿಯಲ್ಲಿ ದಿನಾ ಮಾಡ್ತೀವಿ. ಫೆರ್ವೋ 2023ರಲ್ಲಿ ನೆವಾಡದ ಬ್ಲೂ ಮೌಂಟನ್‌ನಲ್ಲಿ 30 ದಿನ ಪರೀಕ್ಷೆ ಮಾಡಿ ಸೆಕೆಂಡಿಗೆ 63 ಲೀಟರ್, 3.5 ಮೆಗಾವಾಟ್ ಅಂತ ಪ್ರಕಟಿಸಿತಲ್ಲ, ಅಂಥ ಲೆಕ್ಕ. ಅದಿಲ್ಲದೆ ಒಂದು ರೂಪಾಯಿ ಮನ್ನಾ ಇಲ್ಲ.

ಕಲ್ಪತರು_ಹುಡುಗ

ಕೊನೇ ಪ್ರಶ್ನೆ. ಹಾಗಾದರೆ ಕೇಪ್ ಸ್ಟೇಷನ್ ಗೆದ್ದಿದೆಯಾ ಸೋತಿದೆಯಾ ಅಂತ ಹೊರಗಿನವರು ಏನು ನೋಡಿ ಹೇಳಬೇಕು? ಮೊದಲ ಹಂತ 100 ಮೆಗಾವಾಟ್, ಆಮೇಲೆ 500 ಅಂತಾರೆ. ಅಷ್ಟು ಬಂದರೆ ಗೆದ್ದ ಹಾಗೇನಾ?

ಕಲ್ಲುಮಣ್ಣು

ಮೆಗಾವಾಟ್ ನೋಡಬೇಡಿ, ಶುರುವಿನಲ್ಲಿ ಅದು ಬಂದೇ ಬರುತ್ತೆ. ಮೇಲೆ ಬರುವ ನೀರಿನ ಶಾಖ ವರ್ಷದಿಂದ ವರ್ಷಕ್ಕೆ ಎಷ್ಟು ಇಳಿಯುತ್ತೆ ಅಂತ ನೋಡಿ. ತಣ್ಣೀರು ಒಂದೇ ದೊಡ್ಡ ಬಿರುಕಿನಲ್ಲಿ ದಾರಿ ಮಾಡಿಕೊಂಡು ಓಡಿದರೆ ಆ ಬಿರುಕಿನ ಅಕ್ಕಪಕ್ಕದ ಬಂಡೆ ಬೇಗ ತಣ್ಣಗಾಗುತ್ತದೆ, ಉಳಿದ ಬಂಡೆ ಬಿಸಿಯಾಗೇ ಉಳಿದು ಉಪಯೋಗಕ್ಕೆ ಬರುವುದಿಲ್ಲ. ನೀರು ನೂರಾರು ಸಣ್ಣ ಬಿರುಕಿನಲ್ಲಿ ಹಂಚಿಹೋದರೆ ಹತ್ತಿಪ್ಪತ್ತು ವರ್ಷ ಬಾಳುತ್ತದೆ. ಶಾಖ ಬೇಗ ಇಳಿದರೆ ಹೊಸ ಬಾವಿ ಕೊರೆಯಬೇಕು, ಆಗ ಯೂನಿಟ್ ದರ ಏರುತ್ತದೆ. ಅಮೆರಿಕದ ಇಂಧನ ಇಲಾಖೆ 2022ರಲ್ಲಿ ಇಟ್ಟುಕೊಂಡ ಗುರಿ 2035ಕ್ಕೆ ಮೆಗಾವಾಟ್-ಗಂಟೆಗೆ 45 ಡಾಲರ್. ಅದು ಸಿಗುತ್ತೋ ಇಲ್ಲವೋ ಅನ್ನೋದು ಈ ಶಾಖದ ಮೇಲೆಯೇ ನಿಂತಿದೆ. ಫೋರ್ಜ್‌ನಲ್ಲಿ ಈ ಅಂಕಿ ಸಾರ್ವಜನಿಕವಾಗಿ ಸಿಗುತ್ತದೆ. ಕಂಪನಿ ತನ್ನದನ್ನು ಕೊಡುತ್ತಾ ಹೋಗುತ್ತದೋ ಇಲ್ಲವೋ ನೋಡಬೇಕು. ಅನುದಾನ ತಗೊಂಡವರು ಕೊಡಲೇಬೇಕು ಅಂತ ಷರತ್ತು ಹಾಕಬೇಕು ಅನ್ನೋದು ನನ್ನ ಮಾತು.